ಚಾವಡಿಯಿಂದ ಹಿತ್ತಿಲ ಕೊಳಕ್ಕೆ: ಚಿನ್ನದ ಮೀನಿನ ಮರಿಗಳ ಪಾಲನೆ

ಚಿನ್ನದ ಮೀನೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಗಾಜಿನ ಬುರುಡೆಯೊಳಗೆ ಒಂಟಿಯಾಗಿ ಸುತ್ತುವ ಒಂದು ಕೆಂಪು ಜೀವ. ವೈದ್ಯರ ಚಿಕಿತ್ಸಾಲಯದ ಹೊರಕೋಣೆಯಲ್ಲಿ, ಉಪಾಹಾರಗೃಹದ ಗಲ್ಲಾಪೆಟ್ಟಿಗೆಯ ಮಗ್ಗುಲಲ್ಲಿ, ಸಿರಿವಂತರ ಪಡಸಾಲೆಯಲ್ಲಿ ಅದನ್ನು ಕಾಣದವರಿಲ್ಲ. ಆದರೆ ಆ ಮೀನು ಮೂಲತಃ ಬುರುಡೆಯದಲ್ಲ, ಕೊಳದ್ದು. ಮರಿಯಾಗಿರುವಾಗ ಅದನ್ನು ಮನೆಯೊಳಗೆ ಸಾಕಿ, ಮೈ ಬಲಿತ ಮೇಲೆ ಹಿತ್ತಿಲ ಕೊಳಕ್ಕೆ ಬಿಡುವ ಪದ್ಧತಿ ನಮ್ಮ ಕರಾವಳಿಯ ಮನೆಗಳಲ್ಲಿಯೂ ಇದೆ. ಉಡುಪಿ, ಕಾಪು, ಕಾರ್ಕಳದ ಕಡೆ ಮನೆ ಕಟ್ಟುವವರು ಮುರಕಲ್ಲು ಕಡಿದ ಗುಂಡಿ ಹಿತ್ತಿಲ ಮೂಲೆಯಲ್ಲಿ ಹಾಗೆಯೇ ಉಳಿದುಬಿಡುವುದುಂಟು. ಮಳೆಗಾಲದಲ್ಲಿ ಅದು ತಾನಾಗಿ ತುಂಬುತ್ತದೆ. ತುಂಬಿದ ನೀರನ್ನು ಕಂಡವರಿಗೆ ಅದರಲ್ಲಿ ನಾಲ್ಕು ಮೀನು ಬಿಡೋಣವೆಂಬ ಆಸೆ ಹುಟ್ಟುವುದು ಸಹಜ. ಈ ಆಸೆಯನ್ನು ನೆರವೇರಿಸಿಕೊಳ್ಳುವ ಬಗೆಯನ್ನೂ, ನಾನು ಮೊದಲು ಎಡವಿದ ಬಗೆಯನ್ನೂ ಇಲ್ಲಿ ನಿವೇದಿಸುತ್ತೇನೆ.

ಕನ್ನಡ ಪಂಡಿತನಿಗೆ ಮೀನಿನ ಗೊಡವೆ ಏಕೆಂದು ಹುಬ್ಬೇರಿಸುವ ಮಿತ್ರರಿದ್ದಾರೆ. ಅವರಿಗೆ ನಾನು ಕಲ್ಯಾಣದ ಕಡೆಗೆ ಬೆರಳು ತೋರಿಸುತ್ತೇನೆ. ಅಲ್ಲಿ ರಾಜ್ಯವಾಳಿದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು ೧೧೩೦ರ ವೇಳೆಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಒಂದು ಪ್ರಕರಣವೇ ಉಂಟು. ಪರೆಯುಳ್ಳ ಮೀನು ಯಾವುದು, ಪರೆಯಿಲ್ಲದ ಮೀನು ಯಾವುದು, ಯಾವುದು ಎಲ್ಲಿ ವಾಸಿಸುತ್ತದೆ, ಯಾವುದಕ್ಕೆ ಎಂತಹ ಆಹಾರ ಹಿತವೆಂಬುದನ್ನೆಲ್ಲ ಆ ಅರಸನು ಅಲ್ಲಿ ವಿವರಿಸಿದ್ದಾನೆ. ಗಾಳ ಹಾಕುವ ರಾಜವಿನೋದಕ್ಕಾಗಿ ಬರೆದದ್ದೇ ಆದರೂ ಮೀನನ್ನು ಗಮನವಿಟ್ಟು ನೋಡಿದ ಕಣ್ಣು ಅದರಲ್ಲಿ ಕಾಣುತ್ತದೆ. ಇನ್ನು, ಮೀನು ಸಾಕುವುದೆಂದರೆ ತಿನ್ನುವುದಕ್ಕೆಂದೇ ತಿಳಿಯುವವರೂ ಇದ್ದಾರೆ. ಶೃಂಗೇರಿಯ ತುಂಗಾತೀರದಲ್ಲಿಯೂ, ಶಿಶಿಲದ ಕಪಿಲಾ ನದಿಯಲ್ಲಿಯೂ ಜನರು ಮೀನುಗಳಿಗೆ ಆಹಾರವಿಕ್ಕಿ ಕಾಪಾಡಿಕೊಂಡು ಬಂದಿರುವುದನ್ನು ಕಂಡವರಿಗೆ ಈ ಶಂಕೆ ಉಳಿಯಲಾರದು.

ಚಿನ್ನದ ಮೀನು ಗೆಂಡೆಯ ಬಳಗಕ್ಕೆ ಸೇರಿದ್ದು. ಶಾಸ್ತ್ರಜ್ಞರು ಇದನ್ನು ಕ್ಯಾರಾಸಿಯಸ್ ಔರೇಟಸ್ ಎಂದು ಕರೆಯುತ್ತಾರೆ. ಚೀನದೇಶದಲ್ಲಿ ಸುಂಗ್ ಅರಸರ ಕಾಲದಲ್ಲಿ, ಎಂದರೆ ೯೬೦ರಿಂದ ೧೨೭೯ರವರೆಗಿನ ಅವಧಿಯಲ್ಲಿ, ಇದನ್ನು ಉದ್ಯಾನದ ಕೊಳಗಳಲ್ಲಿ ಸಾಕುತ್ತಿದ್ದರು. ಅನಂತರ ಮಿಂಗ್ ಅರಸರ ಕಾಲದಲ್ಲಿ, ಎಂದರೆ ೧೩೬೮ರಿಂದ ೧೬೪೪ರವರೆಗೆ, ಕೊಳದ ಮೀನು ಪಿಂಗಾಣಿ ಪಾತ್ರೆಗೆ ಏರಿ ಮನೆಯೊಳಗೆ ಬಂತು. ಮನೆಯೊಳಗೆ ಬಂದ ಮೇಲೆ ಅದಕ್ಕೆ ಶತ್ರುವಿನ ಭಯವಿಲ್ಲ, ಆಹಾರಕ್ಕಾಗಿ ಅಲೆಯುವ ಕಷ್ಟವಿಲ್ಲ. ಕೊಳದಲ್ಲಿ ಒಂದು ದಿನವೂ ಉಳಿಯಲಾರದಂತಹ ವಿಕಾರಗಳು ಪಾತ್ರೆಯಲ್ಲಿ ಉಳಿದವು, ಸಾಕುವವರು ಅವನ್ನೇ ಆರಿಸಿ ಬೆಳೆಸಿದರು. ಜೋಡಿಬಾಲದ ಮೀನು, ಉಬ್ಬುಗಣ್ಣಿನ ಮೀನು, ಬೆನ್ನಿನ ಈಜುರೆಕ್ಕೆಯೇ ಇಲ್ಲದ ಗುಂಡು ಮೀನು ಇವೆಲ್ಲ ಹೀಗೆ ಹುಟ್ಟಿದವು. ನೋಡಲು ಸೊಗಸು, ಈಜಲು ಅಶಕ್ತ. ಆದ್ದರಿಂದ ಹಿತ್ತಿಲ ಕೊಳದ ಉದ್ದೇಶವುಳ್ಳವರು ಅಂಗಡಿಯಲ್ಲಿ ಬೆಲೆಬಾಳುವ ಮೀನನ್ನು ಕಂಡು ಮರುಳಾಗಬಾರದು. ನೀಳ ಮೈಯ, ಒಂಟಿಬಾಲದ ಸಾಮಾನ್ಯ ಜಾತಿಯನ್ನಾಗಲಿ, ಉದ್ದಬಾಲದ ಕಾಮೆಟ್ ಎಂಬುದನ್ನಾಗಲಿ ಆರಿಸತಕ್ಕದ್ದು. ಇವೆರಡೇ ನಮ್ಮ ಮಳೆಬಿಸಿಲಿಗೆ ಜಗ್ಗದವು.

ಈಗ ನನ್ನ ಎಡವಟ್ಟಿನ ಕಥೆ. ಹನ್ನೆರಡು ವರ್ಷಗಳ ಹಿಂದಿನ ಮಾತು. ಕಾರ್ಕಳಕ್ಕೆ ಸಮೀಪದ ನಮ್ಮ ಮನೆಯ ಹಿತ್ತಿಲಲ್ಲಿ ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲ, ನಾಲ್ಕು ಅಡಿ ಆಳದ ಕಲ್ಲುಗುಂಡಿಯೊಂದು ಇತ್ತು. ಯುಗಾದಿಯ ಹೊತ್ತಿಗೆ ಒಂದಂಗುಲದ ಮೂವತ್ತು ಮರಿಗಳನ್ನು ತಂದು ಚಾವಡಿಯ ಗಾಜಿನ ತೊಟ್ಟಿಯಲ್ಲಿ ಬಿಟ್ಟೆವು. ಆಗ ಐದನೆಯ ತರಗತಿಯಲ್ಲಿದ್ದ ನನ್ನ ಕಿರಿಯ ಮಗಳು ಅವುಗಳ ಊಟ ತಿಂಡಿಯ ಹೊಣೆ ಹೊತ್ತಳು. ಎರಡು ತಿಂಗಳಲ್ಲಿ ಮರಿಗಳು ಎರಡಂಗುಲಕ್ಕೆ ಬಂದವು. ಜೂನ್ ತಿಂಗಳ ಮೊದಲ ವಾರ ಮುಂಗಾರು ಬಿದ್ದು ಗುಂಡಿ ತುಂಬಿತು. ನೀರು ತುಂಬಿದ ಸಂಭ್ರಮದಲ್ಲಿ ಹೆಚ್ಚು ವಿಚಾರ ಮಾಡದೆ, ಕೊಡದಲ್ಲಿ ಮೀನುಗಳನ್ನು ತುಂಬಿಸಿಕೊಂಡು ಹೋಗಿ ಸುರಿದುಬಿಟ್ಟೆ. ಮರುದಿನ ಬೆಳಿಗ್ಗೆ ಹನ್ನೊಂದು ಮರಿಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮೂರನೆಯ ರಾತ್ರಿ ಸುರಿದ ಮಳೆಗೆ ಗುಂಡಿ ಉಕ್ಕಿ ನೀರು ಗದ್ದೆಯ ಕಡೆಗೆ ಹರಿಯಿತು, ಉಳಿದವು ಅದರೊಡನೆ ಹೋದವು. ಮಗಳು ಅಂಚಿನಲ್ಲಿ ನಿಂತು, “ಅಪ್ಪಾ, ಅವು ತೋಡಿಗೆ ಹೋಗಿ ಬದುಕಿರಬಹುದು ಅಲ್ಲವಾ?” ಎಂದು ಕೇಳಿದಳು. “ಬದುಕಿರುತ್ತವೆ ಮಗೂ” ಎಂದೆ. ಈ ಮಾತಿನ ವಿಚಾರ ಮುಂದೆ ಬರುತ್ತದೆ.

ಸತ್ತ ಹನ್ನೊಂದಕ್ಕೆ ಕಾರಣವನ್ನು ಹುಡುಕತೊಡಗಿದೆ. ರೋಗವಲ್ಲ, ಹಸಿವಲ್ಲ. ನಮ್ಮ ವಿಜ್ಞಾನದ ಅಧ್ಯಾಪಕರೊಬ್ಬರು ಉಷ್ಣಮಾಪಕವನ್ನೂ ಪಿಎಚ್ ನೋಡುವ ಕಾಗದದ ಪಟ್ಟಿಗಳನ್ನೂ ಹಿಡಿದು ಬಂದರು. ಚಾವಡಿಯ ತೊಟ್ಟಿಯಲ್ಲಿ ಉಷ್ಣತೆ ಮೂವತ್ತು ಡಿಗ್ರಿ ಇದ್ದರೆ ಮಳೆನೀರು ತುಂಬಿದ ಗುಂಡಿಯಲ್ಲಿ ಇಪ್ಪತ್ತೈದು. ತೊಟ್ಟಿಯ ನೀರು ಸಮಸ್ಥಿತಿಯಲ್ಲಿತ್ತು, ಗುಂಡಿಯದು ಸ್ಪಷ್ಟವಾಗಿ ಹುಳಿ. ಮೀನು ತನ್ನ ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳುವ ಪ್ರಾಣಿಯಲ್ಲ. ನೀರಿನ ಬಿಸಿಯೇ ಅದರ ಮೈಯ ಬಿಸಿ. ಕ್ಷಣಮಾತ್ರದಲ್ಲಿ ಐದು ಡಿಗ್ರಿ ಇಳಿದರೆ ಅದರ ಉಸಿರು, ರಕ್ತ, ಕಿವಿರು ಎಲ್ಲವೂ ತಲ್ಲಣಿಸುತ್ತವೆ. ಅದರೊಡನೆ ಹುಳಿಯೂ ಸೇರಿದರೆ ಹೇಳುವುದೇನು? ದೊಡ್ಡ ಮೀನು ಹೇಗೋ ತಾಳಿಕೊಂಡೀತು, ಎರಡಂಗುಲದ್ದು ತಾಳಲಾರದು.

ಇಲ್ಲಿ ನಮ್ಮ ನೆಲದ ಗುಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಹೊರದೇಶದ ಪುಸ್ತಕಗಳು ಇದನ್ನು ಹೇಳುವುದಿಲ್ಲ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ೪೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಸಾವಿರಾರು ವರ್ಷ ಹೀಗೆ ತೊಳೆಯಿಸಿಕೊಂಡ ನಮ್ಮ ಮುರಕಲ್ಲಿನಲ್ಲಿ ಕಬ್ಬಿಣ ಉಳಿದಿದೆ, ಸುಣ್ಣದ ಅಂಶ ಹೋಗಿದೆ. ಆದಕಾರಣ ನಮ್ಮ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ತುಸು ಹುಳಿ. ಸಾಬೂನು ಚೆನ್ನಾಗಿ ನೊರೆ ಬರುತ್ತದೆಂದು ಗೃಹಿಣಿಯರು ಮೆಚ್ಚುವ ಗುಣವೇ ಚಿನ್ನದ ಮೀನಿಗೆ ಒಗ್ಗದ ಗುಣ. ಅದಕ್ಕೆ ಹಿತವಾದದ್ದು ಪಿಎಚ್ ಏಳರಿಂದ ಎಂಟರವರೆಗಿನ, ಸ್ವಲ್ಪ ಗಡುಸಾದ ನೀರು. ಬಯಲುಸೀಮೆಯ ಕೊಳವೆಬಾವಿಯ ನೀರಿನಲ್ಲಿ ಮರಿಗಳನ್ನು ಬೆಳೆಸಿದ ನಮ್ಮ ಬಂಧುಗಳು, “ನೀರಿಗೆ ಏನೂ ಮಾಡಬೇಕಾಗಿಲ್ಲ, ಹಾಗೆಯೇ ಬಿಡಿ” ಎಂದು ಸಲಹೆ ಕೊಟ್ಟಿದ್ದರು. ಅವರ ಊರಿಗೆ ಆ ಸಲಹೆ ಸರಿ, ನಮ್ಮ ಊರಿಗೆ ಅಲ್ಲ.

ಪರಿಹಾರವೂ ನಮ್ಮಲ್ಲಿಯೇ ಇದೆ. ಸ್ವರ್ಣಾ, ಸೀತಾ, ಶಾಂಭವಿ ಮೊದಲಾದ ನದಿಗಳ ಅಳಿವೆಯಲ್ಲಿ ಮರುವಾಯಿ ಎಂಬ ಕಪ್ಪೆಚಿಪ್ಪು ದೊರೆಯುತ್ತದೆ. ಹಿಂದೆ ನಮ್ಮ ಮನೆಗಳ ಗೋಡೆಗೆ ಬೇಕಾದ ಸುಣ್ಣವನ್ನು ಚಿಪ್ಪು ಸುಟ್ಟೇ ಮಾಡುತ್ತಿದ್ದರು. ಆ ಚಿಪ್ಪನ್ನು ಸುಡದೆ, ಚೆನ್ನಾಗಿ ತೊಳೆದು ಒಣಗಿಸಿ, ಮುರಿದು, ಬಟ್ಟೆಯ ಚೀಲದಲ್ಲಿ ಕಟ್ಟಿ ತೊಟ್ಟಿಯಲ್ಲಿಯೂ ಕೊಳದಲ್ಲಿಯೂ ಇಳಿಬಿಟ್ಟರೆ ಸಾಕು. ನೀರು ಹುಳಿಯಾದಷ್ಟೂ ಅದು ಕರಗುತ್ತದೆ, ಹುಳಿ ತಗ್ಗಿದರೆ ಕರಗುವುದು ನಿಧಾನವಾಗುತ್ತದೆ. ಇಂತಹ ಸ್ವಯಂನಿಯಂತ್ರಣ ಯಾವ ಅಂಗಡಿಯ ಔಷಧದಲ್ಲಿಯೂ ಇಲ್ಲ. ಸುಟ್ಟ ಸುಣ್ಣವನ್ನು ಮಾತ್ರ ಎಂದಿಗೂ ಮೀನಿರುವ ನೀರಿಗೆ ಹಾಕಬಾರದು. ಅದು ಒಮ್ಮೆಗೇ ನೀರನ್ನು ಕ್ಷಾರವಾಗಿಸಿ ಮೀನನ್ನು ಸುಟ್ಟಂತೆಯೇ ಕೊಲ್ಲುತ್ತದೆ. ಗುಂಡಿಗೆ ಹೊಸದಾಗಿ ಸಿಮೆಂಟಿನ ಗಾರೆ ಮಾಡಿಸಿದವರಿಗೂ ಇದೇ ಅಪಾಯ ಉಂಟು. ಬಾಳೆದಿಂಡನ್ನು ಕಡಿದು ಹಾಕಿ, ವಾರಕ್ಕೊಮ್ಮೆ ನೀರು ಬದಲಾಯಿಸುತ್ತ ಮೂರು ನಾಲ್ಕು ವಾರ ನೆನೆಸಿದ ಮೇಲೆಯೇ ಅಂತಹ ಕೊಳ ಮೀನಿಗೆ ಯೋಗ್ಯ.

ಈಗ ಚಾವಡಿಯ ತೊಟ್ಟಿಯ ವಿಷಯ. ಗಾಜಿನ ಬುರುಡೆ ಅಲಂಕಾರಕ್ಕೆ ಸರಿ, ಪಾಲನೆಗೆ ಅಲ್ಲ. ಒಂದಂಗುಲದ ಇಪ್ಪತ್ತು ಮರಿಗಳಿಗೆ ಕನಿಷ್ಠ ೨೦೦ ಲೀಟರ್ ನೀರು ಹಿಡಿಯುವ ಅಗಲಬಾಯಿಯ ತೊಟ್ಟಿ ಬೇಕು. ಗಾಜಿನದೇ ಆಗಬೇಕೆಂದಿಲ್ಲ. ಆಳಕ್ಕಿಂತ ಅಗಲ ಮುಖ್ಯ, ಏಕೆಂದರೆ ಪ್ರಾಣವಾಯು ನೀರಿಗೆ ಸೇರುವುದು ಮೇಲ್ಮೈಯಿಂದ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಪ್ರಾಣವಾಯು ಕಡಿಮೆ: ಇಪ್ಪತ್ತು ಡಿಗ್ರಿಯಲ್ಲಿ ಲೀಟರಿಗೆ ಸುಮಾರು ೯ ಮಿಲಿಗ್ರಾಂ ಇರುವುದು ಮೂವತ್ತು ಡಿಗ್ರಿಯಲ್ಲಿ ಏಳೂವರೆಗೆ ಇಳಿಯುತ್ತದೆ. ನಮ್ಮ ಸೆಕೆಯಲ್ಲಿ ಗಾಳಿಯ ಪಂಪು ಇದ್ದರೆ ಒಳ್ಳೆಯದು. ನಗರದವರು ನಲ್ಲಿಯ ನೀರನ್ನು ನೇರವಾಗಿ ಉಪಯೋಗಿಸಬಾರದು. ಬಜೆ ಅಣೆಕಟ್ಟಿನಿಂದ ಉಡುಪಿ ಮಣಿಪಾಲಗಳಿಗೆ ಬರುವ ನೀರಿನಲ್ಲಿ ಶುದ್ಧೀಕರಣದ ಕ್ಲೋರಿನ್ ಇರುತ್ತದೆ. ಅದನ್ನು ಅಗಲವಾದ ಪಾತ್ರೆಯಲ್ಲಿ ಒಂದೆರಡು ದಿನ ತೆರೆದಿಟ್ಟು ಅನಂತರ ಉಪಯೋಗಿಸತಕ್ಕದ್ದು.

ತೊಟ್ಟಿಯಲ್ಲಿ ಕಣ್ಣಿಗೆ ಕಾಣದೆ ನಡೆಯುವ ಒಂದು ವ್ಯಾಪಾರವಿದೆ. ಅದನ್ನು ತಿಳಿಯದವರು ಮೀನು ಸಾಕಲಾರರು. ಮೀನು ತನ್ನ ಕಿವಿರಿನ ಮೂಲಕ ಅಮೋನಿಯಾವನ್ನು ಹೊರಹಾಕುತ್ತದೆ. ಅದು ವಿಷ. ನೀರಿನ ಕಲ್ಲು ಮರಳುಗಳಿಗೆ ಅಂಟಿಕೊಂಡು ಬದುಕುವ ಒಂದು ಬಗೆಯ ಸೂಕ್ಷ್ಮಾಣುಗಳು ಅದನ್ನು ತಿಂದು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಇದರಿಂದ ಹಾನಿ ಕಡಿಮೆ, ನೀರುಗಿಡಗಳಿಗೆ ಇದೇ ಗೊಬ್ಬರ. ಈ ಸೂಕ್ಷ್ಮಾಣುಗಳನ್ನು ಬೇರ್ಪಡಿಸಿ ತೋರಿಸಿದವನು ರಷ್ಯದ ವಿನೋಗ್ರಾಡ್‌ಸ್ಕಿ, ಸುಮಾರು ೧೮೯೦ರಲ್ಲಿ. ಹೊಸ ತೊಟ್ಟಿಯಲ್ಲಿ ಇವು ಇರುವುದಿಲ್ಲ, ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಸ್ಫಟಿಕದಂತೆ ತಿಳಿಯಾದ ಹೊಸ ನೀರಿನಲ್ಲಿ ಮೀನು ಸಾಯುವುದೂ, ಹಳೆಯ ಪಾಚಿಗಟ್ಟಿದ ತೊಟ್ಟಿಯಲ್ಲಿ ಬದುಕುವುದೂ ಇದೇ ಕಾರಣದಿಂದ. ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದು ಮಾಡಿ, ಕಲ್ಲುಮರಳನ್ನೆಲ್ಲ ತಿಕ್ಕಿ ತೊಳೆಯುವ ನಮ್ಮ ಅತಿಶುಚಿತ್ವ ಇಲ್ಲಿ ಶತ್ರುವಾಗುತ್ತದೆ. ವಾರಕ್ಕೆ ಎರಡು ಸಲ, ಪ್ರತಿಸಲವೂ ಮೂರರಲ್ಲೊಂದು ಪಾಲು ನೀರನ್ನು ಮಾತ್ರ ತೆಗೆದು, ಅದೇ ಉಷ್ಣತೆಯ ಹೊಸ ನೀರನ್ನು ತುಂಬಬೇಕು. ನೈಟ್ರೈಟ್ ಹೆಚ್ಚಾದರೆ ಮೀನಿನ ರಕ್ತ ಕಂದುಬಣ್ಣಕ್ಕೆ ತಿರುಗಿ ಪ್ರಾಣವಾಯುವನ್ನು ಹೊರಲಾರದೆ ಹೋಗುತ್ತದೆ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತದೆ. ಆಗ ನೀರು ಬದಲಿಸುವುದರ ಜೊತೆಗೆ ಲೀಟರಿಗೆ ಒಂದು ಗ್ರಾಮಿನಷ್ಟು ಕಲ್ಲುಪ್ಪನ್ನು ಕರಗಿಸಿ ಹಾಕುವುದು ಸಿದ್ಧವಾದ ಉಪಾಯ. ಉಪ್ಪಿನ ಕ್ಲೋರೈಡ್ ಅಂಶವು ನೈಟ್ರೈಟ್ ಕಿವಿರನ್ನು ಹೊಗುವುದನ್ನು ತಡೆಯುತ್ತದೆ.

ಆಹಾರದ ಮಾತಿಗೆ ಹೆಚ್ಚು ಸ್ಥಳ ಬೇಡ. ಚಿನ್ನದ ಮೀನಿಗೆ ಜಠರವಿಲ್ಲ ಎಂಬುದು ಆಶ್ಚರ್ಯವಾದರೂ ನಿಜ. ತಿಂದದ್ದು ಗಂಟಲಿನ ಹಲ್ಲುಗಳಲ್ಲಿ ಅರೆದು ನೇರವಾಗಿ ಕರುಳಿಗೆ ಹೋಗುತ್ತದೆ. ಆದ್ದರಿಂದ ಅದು ಸದಾ ಹಸಿದಂತೆ ನಟಿಸುತ್ತದೆ, ನಾವು ಸದಾ ಮೋಸಹೋಗುತ್ತೇವೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟನ್ನು ದಿನಕ್ಕೆ ಮೂರು ಸಲ ಕೊಟ್ಟರೆ ಮರಿಗಳಿಗೆ ಸಾಕು. ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅಂಗಡಿಯ ಕಾಳನ್ನು ನೆನೆಸಿ ಕೊಡಬಹುದು, ದನಗಳಿಗಾಗಿ ಬೆಳೆಸುವ ಅಜೋಲವನ್ನೂ ಕೊಡಬಹುದು. ಎಲ್ಲಕ್ಕಿಂತ ಶ್ರೇಷ್ಠವಾದದ್ದು ಸೊಳ್ಳೆಯ ಮರಿಹುಳು. ಅಡಿಕೆ ತೋಟದಲ್ಲಿ ಬಿದ್ದ ಹಾಳೆಯಲ್ಲಿ, ಗೆರಟೆಯಲ್ಲಿ ನಿಂತ ಮಳೆನೀರಿನಲ್ಲಿ ಅದು ಧಾರಾಳ. ಮಕ್ಕಳನ್ನು ಕಳುಹಿಸಿ ಚಹಾ ಸೋಸುವ ಜರಡಿಯಲ್ಲಿ ಹಿಡಿಸಿ ತಂದರೆ ಮೀನಿಗೆ ಊಟವೂ ಆಯಿತು, ಡೆಂಗ್ಯೂ ಜ್ವರದ ಬೀಜವೂ ಕಡಿಮೆಯಾಯಿತು. ಚರಂಡಿಯದನ್ನು ಮಾತ್ರ ತರಬಾರದು.

ಕೆಲವರ ಮನೆಯಲ್ಲಿ ದೊಡ್ಡ ಮೀನುಗಳೇ ಮೊಟ್ಟೆಯಿಡುವುದುಂಟು. ಮೊಟ್ಟೆ ನೀರುಗಿಡಕ್ಕೆ ಅಂಟಿಕೊಂಡಿರುತ್ತದೆ. ತಾಯಿತಂದೆಗಳೇ ಅದನ್ನು ತಿಂದುಬಿಡುವುದರಿಂದ ಗಿಡಸಮೇತ ಬೇರೆ ತೊಟ್ಟಿಗೆ ತೆಗೆದಿಡಬೇಕು. ನಮ್ಮ ಹವೆಯಲ್ಲಿ ಎರಡು ಮೂರು ದಿನಕ್ಕೆ ಒಡೆದು ಸೂಜಿಮೊನೆಯಷ್ಟು ಮರಿಗಳು ಹೊರಬರುತ್ತವೆ. ಮೊದಲ ಎರಡು ದಿನ ಅವು ಗೋಡೆಗೆ ಅಂಟಿಕೊಂಡು ಮೈಯಲ್ಲಿರುವ ಬಂಡಾರದಿಂದಲೇ ಬದುಕುತ್ತವೆ. ಈಜಲು ತೊಡಗಿದ ಮೇಲೆ, ಬೈಹುಲ್ಲು ನೆನೆಸಿದ ನೀರನ್ನು ಮೂರು ನಾಲ್ಕು ದಿನ ಇಟ್ಟು ಅದರಲ್ಲಿ ಹುಟ್ಟಿದ ಸೂಕ್ಷ್ಮಜೀವಿಗಳನ್ನು ತೊಟ್ಟಿಕ್ಕಬೇಕು. ಈ ಮರಿಗಳನ್ನು ಕಂಡು ನಿರಾಶರಾಗಬಾರದು. ಚಿನ್ನದ ಮೀನಿನ ಮರಿ ಹುಟ್ಟುವಾಗ ಚಿನ್ನದ್ದಲ್ಲ, ಮಾಸಿದ ಹಿತ್ತಾಳೆಯ ಬಣ್ಣದ್ದು. ಮೈಯ ಕಪ್ಪುಕಣಗಳು ಅಳಿದು ಹೊನ್ನಬಣ್ಣ ಮೂಡಲು ಎರಡು ಮೂರು ತಿಂಗಳು, ಕೆಲವಕ್ಕೆ ವರ್ಷವೇ ಬೇಕಾಗುತ್ತದೆ. ಕೆಲವು ಕೊನೆಯವರೆಗೂ ಹಿತ್ತಾಳೆಯಾಗಿಯೇ ಉಳಿಯುತ್ತವೆ, ನಮ್ಮ ತರಗತಿಯಲ್ಲಿಯೂ ಅಂತಹವರುಂಟು, ಅವರ ಮೇಲೆ ನನಗೆ ಯಾವಾಗಲೂ ಹೆಚ್ಚು ಪ್ರೀತಿ.

ಇನ್ನು ಮುಖ್ಯ ಭಾಗವಾದ ಸ್ಥಳಾಂತರ. ಮೊದಲ ಸಲ ನಾನು ಒಂದು ಕೊಡದಲ್ಲಿ ಮುಗಿಸಿದ್ದನ್ನು ಎರಡನೆಯ ಸಲ ಒಂದೂವರೆ ತಿಂಗಳಲ್ಲಿ ಮಾಡಿದೆ. ಕಾಲವನ್ನು ಮೊದಲು ನಿಶ್ಚಯಿಸಬೇಕು. ಬೇಸಗೆಯಲ್ಲಿ ಕೊಳದ ನೀರು ಕಾಯುತ್ತದೆ, ಬತ್ತುತ್ತದೆ. ಮಳೆಗಾಲದಲ್ಲಿ ಉಕ್ಕುತ್ತದೆ, ಕೆಂಪು ಕೆಸರು ಕೂಡುತ್ತದೆ. ಆಟಿ ತಿಂಗಳಲ್ಲಿ ಮರಿಗಳನ್ನು ತಂದು ಮನೆಯೊಳಗೆ ಸಾಕಿ, ದೀಪಾವಳಿ ಕಳೆದು ಮಳೆ ಹಿಂದೆ ಸರಿದ ಮೇಲೆ ಕೊಳಕ್ಕೆ ಬಿಡುವುದು ನಮ್ಮ ಸೀಮೆಗೆ ಹೊಂದುವ ಕ್ರಮ. ಆಗ ಕೊಳ ತುಂಬಿರುತ್ತದೆ, ನೀರು ತಿಳಿಯಾಗಿರುತ್ತದೆ, ಚಳಿ ಸೆಕೆ ಎರಡೂ ಹಿತ. ಮುಂದಿನ ಬೇಸಗೆಯ ಹೊತ್ತಿಗೆ ಮೀನಿಗೆ ಕೊಳದ ಪರಿಚಯವಾಗಿರುತ್ತದೆ.

ಅಂಗಡಿಯಿಂದ ತಂದ ಮರಿಗಳನ್ನು ಮೊದಲ ನಾಲ್ಕು ವಾರ ಬೇರಾವ ಮೀನಿನೊಡನೆಯೂ ಸೇರಿಸದೆ ನೋಡಬೇಕು. ಮೈಮೇಲೆ ಉಪ್ಪಿನ ಹರಳು ಚೆಲ್ಲಿದಂತಹ ಬಿಳಿಚುಕ್ಕೆ, ಮೈಗೆ ಅಂಟಿದ ಮೀನುಹೇನು, ದಾರದಂತೆ ನೇತಾಡುವ ಲಂಗರುಹುಳು ಇದ್ದರೆ ಈ ಅವಧಿಯಲ್ಲಿ ಬಯಲಾಗುತ್ತವೆ. ತೊಟ್ಟಿಯಲ್ಲಿ ರೋಗಕ್ಕೆ ಔಷಧವುಂಟು, ಕೊಳದಲ್ಲಿ ಕಷ್ಟ. ಮರಿಗಳು ಎರಡೂವರೆ ಮೂರು ಅಂಗುಲಕ್ಕೆ ಬಂದ ಮೇಲೆ ತೊಟ್ಟಿಯನ್ನು ಚಾವಡಿಯಿಂದ ಜಗಲಿಗೆ ಸಾಗಿಸಿದೆ. ಅಲ್ಲಿ ಬೆಳಗಿನ ಎಳೆಬಿಸಿಲು ಬೀಳುತ್ತದೆ, ರಾತ್ರಿಯ ತಂಪು ತಾಗುತ್ತದೆ. ಬಣ್ಣವೂ ಬೆಳಕಿನಲ್ಲಿ ಗಾಢವಾಗುತ್ತದೆ. ನೀರು ಬದಲಿಸುವಾಗಲೆಲ್ಲ ಬಾವಿಯ ನೀರಿಗೆ ಬದಲು ಕೊಳದ ನೀರನ್ನು ತಂದು ಸೇರಿಸತೊಡಗಿದೆ: ಮೊದಲ ವಾರ ಒಂದು ಬಿಂದಿಗೆ, ಎರಡನೆಯ ವಾರ ಎರಡು, ಹೀಗೆ ಹೆಚ್ಚಿಸುತ್ತ. ಮೂರು ವಾರ ಕಳೆಯುವಷ್ಟರಲ್ಲಿ ಮೀನು ತೊಟ್ಟಿಯಲ್ಲಿಯೇ ಇದ್ದರೂ ನೀರು ಹೆಚ್ಚುಕಡಿಮೆ ಕೊಳದ್ದೇ ಆಗಿತ್ತು.

ಮುಂದಿನ ಮೆಟ್ಟಿಲನ್ನು ನಾನು ಮೀನುಗಾರಿಕೆ ಬಲ್ಲವರಿಂದ ಕಲಿತೆ. ೧೯೬೯ರಲ್ಲಿ ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜು ಸ್ಥಾಪನೆಯಾದಂದಿನಿಂದ ನಮ್ಮ ಜಿಲ್ಲೆಗಳಲ್ಲಿ ಈ ವಿದ್ಯೆ ಬಲ್ಲವರಿಗೆ ಕೊರತೆಯಿಲ್ಲ. ಗೆಂಡೆಮರಿಗಳನ್ನು ಬೆಳೆಸುವವರು ಕೆರೆಯೊಳಗೆ ನಾಲ್ಕು ಗೂಟ ನೆಟ್ಟು, ಸೊಳ್ಳೆಪರದೆಯಂತಹ ಬಟ್ಟೆಯನ್ನು ತೊಟ್ಟಿಲಿನ ಹಾಗೆ ಕಟ್ಟಿ ಅದರಲ್ಲಿ ಮರಿಗಳನ್ನು ಇಡುತ್ತಾರೆ. ಹಾಪಾ ಎಂದು ಅದರ ಹೆಸರು. ಹಳೆಯ ಸೊಳ್ಳೆಪರದೆಯಿಂದ ಮನೆಯಲ್ಲಿಯೇ ಅದನ್ನು ಹೊಲಿಸಿದೆ. ಬಿಡುವ ದಿನ ಸಂಜೆ, ಬಿಸಿಲಿಳಿದ ಮೇಲೆ, ಮೀನಿದ್ದ ಪಾತ್ರೆಯನ್ನು ಅರ್ಧ ಗಂಟೆ ಕೊಳದ ನೀರಿನಲ್ಲಿ ತೇಲಬಿಟ್ಟು, ಅನಂತರ ಹತ್ತು ನಿಮಿಷಕ್ಕೊಂದು ಸೌಟು ಕೊಳದ ನೀರನ್ನು ಪಾತ್ರೆಗೆ ಹಾಕುತ್ತ ಒಂದು ಗಂಟೆ ಕಾದೆ. ಕೊನೆಗೆ ಪಾತ್ರೆಯನ್ನು ಓರೆಮಾಡಿದಾಗ ಅವು ತಾವಾಗಿಯೇ ಹಾಪಾದೊಳಕ್ಕೆ ಈಜಿದವು. ಎರಡು ವಾರ ಅಲ್ಲಿಯೇ ಊಟ. ಆಮೇಲೆ ಪರದೆಯ ಒಂದು ಮಗ್ಗುಲನ್ನು ತಗ್ಗಿಸಿದೆವು. ಮೊದಲ ದಿನ ಒಂದೂ ಹೊರಗೆ ಹೋಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಪರದೆ ಬರಿದಾಗಿತ್ತು, ಇಪ್ಪತ್ತು ಮೀನುಗಳೂ ನೈದಿಲೆಯ ಎಲೆಯ ಕೆಳಗೆ ಇದ್ದವು.

ಮಗಳು ಅವನ್ನು ಮೂರು ಸಲ ಎಣಿಸಿದಳು.

ಕೊಳದ ಶತ್ರುಗಳು ಹಲವು. ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಹುಳುವಿನ ಮರಿ ನೀರಿನಲ್ಲಿಯೇ ಬೆಳೆಯುತ್ತದೆ. ಮಡಚಿಟ್ಟ ತುಟಿಯನ್ನು ಚಾಚಿ ಸಣ್ಣ ಮೀನನ್ನು ಅದು ಹಿಡಿಯಬಲ್ಲುದು. ಒಂದಂಗುಲದ ಮರಿಗೆ ಅದು ಹುಲಿ, ಮೂರಂಗುಲದ್ದಕ್ಕೆ ಲೆಕ್ಕಕ್ಕಿಲ್ಲ. ಮನೆಯೊಳಗೆ ಕಳೆದ ಮೂರು ತಿಂಗಳ ಲಾಭ ಇದು. ನೀರುಹಾವು, ಕೊಳದ ಬಕ, ಮಿಂಚುಳ್ಳಿ ಇವುಗಳಿಗೆ ಮೂರಂಗುಲವೂ ತುತ್ತೇ. ಮೀನೆಂಬ ಶಬ್ದಕ್ಕೂ ಮಿನುಗುವುದಕ್ಕೂ ನಂಟಿರಬಹುದೆಂದು ಭಾಷಾವಿದರು ಹೇಳುತ್ತಾರೆ, ತಮಿಳಿನಲ್ಲಿ ಮೀನ್ ಎಂದರೆ ನಕ್ಷತ್ರವೂ ಹೌದು. ಕೊಳದಲ್ಲಿ ಮಿನುಗುವ ಹೊನ್ನ ಮೀನು ಮಿಂಚುಳ್ಳಿಗೆ ದೂರದಿಂದಲೇ ಕಾಣುವ ನಕ್ಷತ್ರ. ತೆಂಗಿನ ಮಡಲುಗಳನ್ನು ಕೊಳದ ಅರ್ಧಭಾಗಕ್ಕೆ ಅಡ್ಡ ಹಾಕಿ, ನೀರಿನೊಳಗೆ ಒಡೆದ ಮಡಕೆಗಳನ್ನು ಮಗುಚಿಟ್ಟರೆ ಅಡಗಲು ತಾಣವಾಯಿತು, ಬೇಸಗೆಯಲ್ಲಿ ನೆರಳೂ ಆಯಿತು. ಬೇಸಗೆಯಲ್ಲಿ ಬಾವಿಯ ನೀರನ್ನು ಕೊಳಕ್ಕೆ ಬಿಡುವಾಗ ಎತ್ತರದಿಂದ ಚಿಮುಕಿಸಿ ಬಿಡಬ‍ೇಕು. ಆಳದ ಬಾವಿಯ ನೀರಿನಲ್ಲಿ ಪ್ರಾಣವಾಯು ಕಡಿಮೆ.

ಉಕ್ಕಿಹೋದ ಹತ್ತೊಂಬತ್ತು ಮೀನುಗಳ ವಿಚಾರ ಬಾಕಿ ಇದೆ. ಅವು ಬದುಕಿರಲಿ ಎಂದು ನಾನೂ ಬಹುಕಾಲ ಹಾರೈಸುತ್ತಿದ್ದೆ. ಮುಂಗಾರಿನ ಮೊದಲ ನೆರೆಗೆ ನಮ್ಮ ತೋಡುಗಳಲ್ಲಿ ನಡೆಯುವುದೇನೆಂದು ಹಳ್ಳಿಯವರಿಗೆ ಗೊತ್ತು. ಮುಗುಡು ಮೊದಲಾದ ಮೀನುಗಳು ಪ್ರವಾಹಕ್ಕೆ ಎದುರಾಗಿ ಗದ್ದೆಗೆ ಏರಿ ಬಂದು ಮೊಟ್ಟೆಯಿಡುತ್ತವೆ. ಇವನ್ನೇ ನಮ್ಮ ಕಡೆ ಉಬರ್ ಮೀನು ಎನ್ನುವುದು, ಮಲೆನಾಡಿನಲ್ಲಿ ಹತ್ತುಮೀನು. ಸರಿಯಾಗಿ ಅದೇ ದಿನಗಳಲ್ಲಿ ನಮ್ಮ ಕೊಳಗಳೂ ಉಕ್ಕುತ್ತವೆ. ಚಿನ್ನದ ಮೀನು ಕೆಸರು ಕೆದಕಿ ನೀರನ್ನು ಕದಡುತ್ತದೆ, ಬೇರೆ ಮೀನಿನ ಮೊಟ್ಟೆಗಳನ್ನು ತಿನ್ನುತ್ತದೆ, ಅಂಗಡಿಯ ಹೇನು ಹುಳುಗಳನ್ನು ಹೊತ್ತೊಯ್ಯುತ್ತದೆ. ಬುರುಡೆಯಲ್ಲಿ ಬೆರಳುದ್ದ ಇರುವುದು ಬಯಲಿನ ನೀರಿನಲ್ಲಿ ಅಡಿಯುದ್ದವಾಗಬಲ್ಲುದು. ಆಸ್ಟ್ರೇಲಿಯದ ಪಶ್ಚಿಮಭಾಗದ ವಾಸ್ ನದಿಯಲ್ಲಿ ಯಾರೋ ಬಿಟ್ಟ ಚಿನ್ನದ ಮೀನುಗಳು ಹೆಚ್ಚುಕಡಿಮೆ ಎರಡು ಕಿಲೋ ತೂಕಕ್ಕೆ ಬೆಳೆದವು. ಅಮೆರಿಕದ ಮಿನ್ನೆಸೋಟ ಸಂಸ್ಥಾನದ ಬರ್ನ್ಸ್‌ವಿಲ್ ಎಂಬ ಊರಿನವರು ೨೦೨೧ರಲ್ಲಿ ತಮ್ಮ ಕೆರೆಯಲ್ಲಿ ಸಿಕ್ಕ ದೈತ್ಯ ಚಿನ್ನದ ಮೀನುಗಳ ಚಿತ್ರ ಪ್ರಕಟಿಸಿ, ದಯವಿಟ್ಟು ಸಾಕುಮೀನನ್ನು ಕೆರೆಗೆ ಬಿಡಬೇಡಿರೆಂದು ಪ್ರಾರ್ಥಿಸಿಕೊಂಡರು. ಸೊಳ್ಳೆ ತಿನ್ನಲೆಂದು ನಾವೇ ಕೆರೆಬಾವಿಗಳಿಗೆ ಬಿಟ್ಟ ಗಂಬೂಸಿಯಾ ಇಂದು ಲೋಕದ ಅತಿಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಇದನ್ನೆಲ್ಲ ಓದಿದ ಮೇಲೆ, ನಾನು ಮಗಳಿಗೆ ಹೇಳಿದ ಸಮಾಧಾನದ ಮಾತು ಯಾರಿಗೆ ಸಮಾಧಾನವೆಂದು ನನಗೆ ಚಿಂತೆಯಾಯಿತು. ಆ ಹತ್ತೊಂಬತ್ತೂ ಆ ರಾತ್ರಿಯೇ ಯಾವುದಾದರೂ ಬಕನ ಪಾಲಾಗಿದ್ದರೆ ಒಳ್ಳೆಯದಿತ್ತೆಂದು ಬಯಸುವ ಸ್ಥಿತಿಗೆ ಬಂದೆ. ಅವಳು ಹೈಸ್ಕೂಲಿಗೆ ಬಂದ ಮೇಲೆ ಇದನ್ನು ಅವಳಿಗೂ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ.

ಅಂದಿನಿಂದ ಕೊಳದ ಅಂಚನ್ನು ಸುತ್ತಲಿನ ನೆಲದಿಂದ ಒಂದೂವರೆ ಅಡಿ ಎತ್ತರಿಸಿ ಕಟ್ಟಿಸಿದ್ದೇನೆ. ಹೊರಗಿನ ಮಳೆನೀರು ಒಳಗೆ ಹರಿದು ಬರದು. ಹೆಚ್ಚಾದ ನೀರು ಹೋಗಲು ಒಂದೇ ಕಿಂಡಿ, ಅದಕ್ಕೆ ಒಂದರ ಹಿಂದೊಂದು ಎರಡು ಬಲೆ, ಒಳಗಿನದು ಅಗಲ ಕಣ್ಣಿನದು, ಹೊರಗಿನದು ಸೊಳ್ಳೆಪರದೆಯಷ್ಟು ಸಣ್ಣದು. ಎಲೆ ಕಟ್ಟಿಕೊಂಡರೆ ನೀರು ಅಂಚಿನ ಮೇಲಿಂದ ಉಕ್ಕುವ ಭಯವಿರುವುದರಿಂದ ಮಳೆಗಾಲದಲ್ಲಿ ದಿನಕ್ಕೆರಡು ಸಲ ಅದನ್ನು ಬಿಡಿಸಬೇಕು. ಹೆಚ್ಚಾದ ಮೀನುಗಳನ್ನು ಸಾಕುವ ಮನಸ್ಸುಳ್ಳವರಿಗೆ ಕೊಡುತ್ತೇನೆ, ಕಾರ್ಕಳದ ಆನೆಕೆರೆಗೆ ಬಿಡುತ್ತೇವೆಂದು ಕೇಳುವವರಿಗೆ ಕೊಡುವುದಿಲ್ಲ.

ಮಗಳು ಈಗ ದೂರದ ಊರಿನಲ್ಲಿ ಓದುತ್ತಿದ್ದಾಳೆ. ಮುಂಗಾರು ಬಿತ್ತೆಂದು ಸುದ್ದಿ ತಿಳಿದ ರಾತ್ರಿ ತಪ್ಪದೆ ಫೋನು ಮಾಡಿ, “ಅಪ್ಪಾ, ಬಲೆ ನೋಡಿದಿರಾ?” ಎಂದು ಕೇಳುತ್ತಾಳೆ. ಕಳೆದ ಸಲ ಅವಳು ಕೇಳಿದ ಮೇಲೆ ಕೊಡೆ ಹಿಡಿದು, ಟಾರ್ಚು ಹಾಕಿಕೊಂಡು ಹಿತ್ತಿಲಿಗೆ ಹೋದೆ. ಒಳಗಿನ ಬಲೆಗೆ ಗೇರುಮರದ ಎಲೆ ಕವಿದಿತ್ತು, ತೆಗೆದೆ. ಹೊರಗಿನ ಬಲೆಯ ಆಚೆ, ಕಿಂಡಿಯಿಂದ ಇಳಿಯುವ ನೀರಿಗೆ ಮುಖಮಾಡಿ, ಗದ್ದೆಯಿಂದ ಏರಿಬಂದ ಒಂದು ಮುಗುಡು ಮೀಸೆ ಆಡಿಸುತ್ತ ನಿಂತಿತ್ತು.